ಐದು ದಿನದ ಟ್ರಿಪ್‌ಗೆ ಆರು ತಿಂಗಳ ಲೆಕ್ಕ

2024ರ ಅಕ್ಟೋಬರ್ 5, ಶನಿವಾರ. ಬೆಳಗಿನ ಜಾವ ಒಂದೂವರೆ ಗಂಟೆ ಇರಬೇಕು. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನ ಚೆಕ್-ಇನ್ ಸಾಲಿನಲ್ಲಿ ನಾವು ಐದು ಜನ ನಿಂತಿದ್ವಿ. ನಾನು, ನನ್ನ ಹೆಂಡತಿ, ಆರಕ್ಕೆ ಬೀಳ್ತಿದ್ದ ಮಗಳು, ಮೈಸೂರಿಂದ ಬಂದಿದ್ದ ಅಪ್ಪ ಅಮ್ಮ. ದಸರಾ ರಜೆಗೆ ಐದು ದಿನ ಬ್ಯಾಂಕಾಕ್. ಅಪ್ಪ ಅಮ್ಮನಿಗೆ ಅದು ಮೊದಲ ವಿದೇಶ ಪ್ರವಾಸ. ಹಾಗೆ ನೋಡಿದರೆ ಮೊದಲ ವಿಮಾನವೂ ಅದೇ.

ಕೌಂಟರಿನ ಹುಡುಗಿ ನಾಲ್ಕು ಪಾಸ್‌ಪೋರ್ಟ್‌ಗಳನ್ನು ಪಟಪಟ ಸ್ಕ್ಯಾನ್ ಮಾಡಿ ಪಕ್ಕಕ್ಕಿಟ್ಟರು. ಐದನೆಯದನ್ನು ಎರಡು ಸಲ ತಿರುಗಿಸಿ ನೋಡಿದರು.

“ಸರ್, ಮಗುವಿನ ಪಾಸ್‌ಪೋರ್ಟ್ ಫೆಬ್ರುವರಿ 17ಕ್ಕೆ ಮುಗಿಯುತ್ತೆ.”

“ಹೌದು, ಇನ್ನೂ ನಾಲ್ಕು ತಿಂಗಳಿದೆಯಲ್ಲ ಮೇಡಂ?”

“ಆರು ತಿಂಗಳು ಇರಬೇಕು ಸರ್.”

ನಾನು ನಕ್ಕುಬಿಟ್ಟೆ. ಹೋಗ್ತಿರೋದು ಐದು ದಿನಕ್ಕೆ, ರಿಟರ್ನ್ ಟಿಕೆಟ್ ಇದೆ, ಹೋಟೆಲ್ ಬುಕಿಂಗ್ ಇದೆ ಅಂತ ಒಂದೊಂದಾಗಿ ತೋರಿಸಿದೆ. ಅವರು ಸೂಪರ್‌ವೈಸರ್‌ನ ಕರೆದರು. ಅವರೂ ಅದನ್ನೇ ಹೇಳಿದರು, ಇನ್ನೂ ಸ್ವಲ್ಪ ಮೆಲ್ಲಗೆ. ನಾಲ್ಕು ಬೋರ್ಡಿಂಗ್ ಪಾಸ್ ಕೊಡಬಹುದು, ಐದನೆಯದು ಆಗಲ್ಲ.

ಕಂಪನಿಯಲ್ಲಿ ನಾನು ರಿಲೀಸ್ ಚೆಕ್‌ಲಿಸ್ಟ್ ಮಾಡುವವನು. ಅಂದರೆ ಬೇರೆಯವರು ಏನು ಮರೆತಿದ್ದಾರೆ ಅಂತ ಹುಡುಕೋದಕ್ಕೇ ನನಗೆ ಸಂಬಳ. ಐದೂ ಜನರ ಪಾಸ್‌ಪೋರ್ಟ್ ನಂಬರ್ ಮತ್ತು ಮುಗಿಯುವ ದಿನಾಂಕವನ್ನು ಟಿಕೆಟ್ ಬುಕ್ ಮಾಡುವಾಗ ನಾನೇ ಟೈಪ್ ಮಾಡಿದ್ದೆ. 17 ಫೆಬ್ರುವರಿ 2025 ಅಂತ ನನ್ನ ಕೈಯಾರೆ ಹಾಕಿದ್ದೆ. ‘ಇನ್ನೂ ಇದೆ’ ಅಂದುಕೊಂಡು ಮುಂದಕ್ಕೆ ಹೋಗಿದ್ದೆ.

ಸಾಲಿನಿಂದ ಈಚೆ ಬಂದು ಬಿದಿರಿನ ಕಂಬದ ಹತ್ತಿರ ಟ್ರಾಲಿ ನಿಲ್ಲಿಸಿಕೊಂಡು ನಮ್ಮ ಪಂಚಾಯಿತಿ ಶುರುವಾಯಿತು. “ಮಗು ಬಿಟ್ಟು ನಾವ್ಯಾಕೋ ಹೋಗ್ಬೇಕು, ನಡಿ ಮನೆಗೆ” ಅಂದರು ಅಪ್ಪ. ಅಮ್ಮ ಆಗಲೇ ಬ್ಯಾಗಿನ ಜಿಪ್ ತೆಗೆದು ದಾರಿಗೆ ಅಂತ ತಂದಿದ್ದ ಕೋಡುಬಳೆ ಡಬ್ಬಿ ಮೊಮ್ಮಗಳ ಕೈಗಿಟ್ಟಿದ್ದರು. ಕೊನೆಗೆ ತೀರ್ಮಾನ ಮಾಡಿದ್ದು ನನ್ನ ಹೆಂಡತಿ. “ರೀ, ನೀವಿಬ್ಬರೂ ಉಳ್ಕೊಳ್ಳಿ. ಅತ್ತೆ ಮಾವನ್ನ ನಾನು ಕರ್ಕೊಂಡು ಹೋಗ್ತೀನಿ. ಇವತ್ತು ವಾಪಸ್ ಹೋದ್ರೆ ಇವರಿಬ್ಬರೂ ಇನ್ಯಾವತ್ತೂ ಹೊರಡಲ್ಲ.” ಅದು ನಿಜ. ಅಪ್ಪನ ಮೊಣಕಾಲು ನೋವು ಹೆಚ್ಚಾಗ್ತಿತ್ತು. ಅವರನ್ನು ಒಪ್ಪಿಸೋದಕ್ಕೇ ನನಗೆ ಎರಡು ವರ್ಷ ಹಿಡಿದಿತ್ತು.

ಮೂರು ಜನ ಒಳಗೆ ಹೋದರು. ಮಗಳು ತನ್ನ ಪುಟ್ಟ ಗುಲಾಬಿ ಟ್ರಾಲಿ ಹಿಡಿದುಕೊಂಡು ಅವರು ಕಾಣದಾಗೋವರೆಗೂ ಸುಮ್ಮನೆ ನಿಂತಿದ್ದಳು. ಬೂದಿಗೆರೆ ಕ್ರಾಸ್ ಕಡೆಯಿಂದ ವೈಟ್‌ಫೀಲ್ಡಿಗೆ ವಾಪಸ್ ಬರುವಾಗ ಕ್ಯಾಬಿನಲ್ಲಿ ಕೇಳಿದಳು: “ಅಪ್ಪಾ, ನಾನೇನು ತಪ್ಪು ಮಾಡ್ದೆ?”

ಅಷ್ಟು ಹೊತ್ತೂ ತಡೆದುಕೊಂಡಿದ್ದ ನನಗೆ ಆಗ ತಡೆಯೋಕ್ಕಾಗಲಿಲ್ಲ.

ಆ ಪಾಸ್‌ಪೋರ್ಟಿನ ಕಥೆಯೇ ವಿಚಿತ್ರ. ಅದನ್ನು ಮಾಡಿಸಿದ್ದು 2020ರ ಫೆಬ್ರುವರಿಯಲ್ಲಿ, ಅವಳಿಗೆ ಒಂದು ವರ್ಷ ತುಂಬಿದ ಮೇಲೆ. ನನಗೆ ಆನ್‌ಸೈಟ್ ಹೋಗುವ ಮಾತು ನಡೀತಿತ್ತು. ಮುಂದಿನ ತಿಂಗಳು ಲಾಕ್‌ಡೌನ್ ಬಂತು, ಆನ್‌ಸೈಟೂ ಹೋಯಿತು. ಪಾಸ್‌ಪೋರ್ಟ್ ಒಂದು ಸೀಲೂ ಕಾಣದೆ ಬೀರುವಿನಲ್ಲೇ ಇತ್ತು. ನಮ್ಮಿಬ್ಬರದು 2028ರವರೆಗೆ ಇತ್ತು. ಅಪ್ಪ ಅಮ್ಮನದು ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲಿ ಮಾಡಿಸಿದ್ದು, ಹೊಸದಾಗಿಯೇ ಇತ್ತು. (ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೊಡುವ ಪದ್ಧತಿ ದೇಶದಲ್ಲೇ ಮೊದಲು ಶುರುವಾಗಿದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿ 25ರಂದು. ಅಪ್ಪ ಈ ವಿಷಯವನ್ನು ಯಾರು ಸಿಕ್ಕಿದರೂ ಹೇಳ್ತಾರೆ.) ದೊಡ್ಡವರ ಪಾಸ್‌ಪೋರ್ಟಿಗೆ 10 ವರ್ಷ, ಮಕ್ಕಳದ್ದಕ್ಕೆ 5 ವರ್ಷ ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮನೆಯ ಪಾಸ್‌ಪೋರ್ಟ್‌ಗಳೆಲ್ಲ ಒಂದೇ ಕವರಿನಲ್ಲಿದ್ದಾಗ ಎಲ್ಲದರ ಆಯಸ್ಸೂ ಒಂದೇ ಅಂತ ಮನಸ್ಸು ಅಂದುಕೊಂಡುಬಿಡುತ್ತೆ.

ಈ ಆರು ತಿಂಗಳ ಲೆಕ್ಕ ಎಲ್ಲಿಂದ ಬಂತು? ಆ ವಾರ ಮನೆಯಲ್ಲಿ ಕೂತು ನಾನು ಓದಿದ್ದು ಇದನ್ನೇ. ಒಂದು ದೇಶಕ್ಕೆ ಅತಿಥಿಯಾಗಿ ಹೋದವರು ಅಲ್ಲಿ ಕಾಯಿಲೆ ಬಿದ್ದರೆ, ಅಪಘಾತವಾದರೆ, ವಿಮಾನಗಳು ನಿಂತುಹೋದರೆ ಅಂದುಕೊಂಡ ದಿನಕ್ಕೆ ವಾಪಸ್ ಬರೋಕ್ಕಾಗಲ್ಲ. ಅಷ್ಟರಲ್ಲಿ ಪಾಸ್‌ಪೋರ್ಟ್ ಮುಗಿದುಹೋದರೆ ಅವರನ್ನು ಊರಿಗೆ ಕಳಿಸೋದು ಆ ದೇಶಕ್ಕೆ ತಲೆನೋವು. ಹಾಗಾಗಿ ನೀವು ಎಷ್ಟು ದಿನ ಇರ್ತೀರಿ ಅನ್ನೋದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಬಂದಿಳಿದ ದಿನದಿಂದ ಆರು ತಿಂಗಳು ಪಾಸ್‌ಪೋರ್ಟ್ ಜೀವಂತ ಇರಬೇಕು ಅಂತಾರೆ. ನಾವು ಅಕ್ಟೋಬರ್ 5ಕ್ಕೆ ಇಳಿಯುವವರು, ಏಪ್ರಿಲ್ 5ರವರೆಗಾದರೂ ಇರಬೇಕಿತ್ತು. ಐದು ದಿನಕ್ಕೂ ಅದೇ, ಐವತ್ತು ದಿನಕ್ಕೂ ಅದೇ.

ಇನ್ನೊಂದು ಪ್ರಶ್ನೆ: ನಿಯಮ ಥಾಯ್ಲೆಂಡಿನದು, ತಡೆದದ್ದು ಯಾಕೆ ದೇವನಹಳ್ಳಿಯಲ್ಲಿ? ಇಳಿದ ಮೇಲೆ ಅಲ್ಲಿನ ಇಮಿಗ್ರೇಷನ್‌ನವರು ಒಳಗೆ ಬಿಡದಿದ್ದರೆ ಪ್ರಯಾಣಿಕರನ್ನು ವಾಪಸ್ ಕರೆತರುವ ಹೊಣೆ ವಿಮಾನ ಕಂಪನಿಯದು. ಎಷ್ಟೋ ದೇಶಗಳು ಅದರ ಮೇಲೆ ದಂಡವನ್ನೂ ಹಾಕುತ್ತವೆ. ಅದಕ್ಕೇ ಕೌಂಟರಿನಲ್ಲಿರುವವರು ‘ಟಿಮ್ಯಾಟಿಕ್’ ಅನ್ನೋ ಡೇಟಾಬೇಸ್ ನೋಡ್ತಾರೆ. ವಿಮಾನ ಕಂಪನಿಗಳ ಜಾಗತಿಕ ಸಂಘಟನೆ ಅಯಾಟಾ ನಡೆಸುವ ಈ ಡೇಟಾಬೇಸಿನಲ್ಲಿ ಯಾವ ದೇಶದ ಪಾಸ್‌ಪೋರ್ಟಿಗೆ ಯಾವ ದೇಶದಲ್ಲಿ ಏನು ಬೇಕು ಅನ್ನೋದು ಇರುತ್ತೆ. ಅದು ಬೇಡ ಅಂದಮೇಲೆ ಆ ಹುಡುಗಿಯ ಹತ್ತಿರ ವಾದ ಮಾಡಿ ಉಪಯೋಗವಿಲ್ಲ. ನಾನು ಹತ್ತು ನಿಮಿಷ ಮಾಡಿದ್ದೆ. ಅದರ ಬಗ್ಗೆ ಈಗ ನಾಚಿಕೆಯಿದೆ.

ನನಗೆ ನಿಜವಾಗಿ ತಟ್ಟಿದ್ದು ಬೇರೆ ವಿಷಯ. ಸಿಂಗಪುರಕ್ಕೆ ಹೊರಟಿದ್ದರೆ ಈ ಫಜೀತಿ ಆಗುತ್ತಿರಲಿಲ್ಲ. ಅಲ್ಲಿಗೆ ನಮಗೆ ವೀಸಾ ಬೇಕು. ವೀಸಾ ಏಜೆಂಟ್ ಮೊದಲು ಕೇಳೋದೇ ‘ವ್ಯಾಲಿಡಿಟಿ ಎಷ್ಟಿದೆ ಸರ್’ ಅಂತ. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ, ಮಲೇಶಿಯಾ ಅದೇ ಡಿಸೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ಬೇಡ ಅಂದವು. 2024ರ ಜುಲೈನಲ್ಲಿ ಥಾಯ್ಲೆಂಡ್ 60 ದಿನ ಇರೋದಕ್ಕೂ ಬಿಟ್ಟಿತು. ನಾವೆಲ್ಲ ಖುಷಿಯಾದ್ವಿ: ಅರ್ಜಿ ಇಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಇಲ್ಲ, ಶುಕ್ರವಾರ ಲಾಗ್‌ಔಟ್ ಆಗಿ ಹೊರಟರೆ ಆಯ್ತು. ಆದರೆ ವೀಸಾ ಜೊತೆಗೆ, ಒಂದು ತಿಂಗಳು ಮೊದಲೇ ನಮ್ಮ ಪಾಸ್‌ಪೋರ್ಟ್ ನೋಡುತ್ತಿದ್ದ ಆ ಒಂದು ಜೊತೆ ಕಣ್ಣೂ ಹೋಯಿತು. ನಮ್ಮ ವಿಷಯದಲ್ಲಿ ಆ ತಾರೀಕನ್ನು ಗಮನವಿಟ್ಟು ನೋಡಿದ ಮೊದಲ ವ್ಯಕ್ತಿ ಚೆಕ್-ಇನ್ ಕೌಂಟರಿನ ಹುಡುಗಿ, ಅದೂ ಸೂಟ್‌ಕೇಸ್ ತೂಕದ ಮೇಲಿಟ್ಟ ಮೇಲೆ.

ದೇಶದಿಂದ ದೇಶಕ್ಕೆ ಲೆಕ್ಕ ಬೇರೆ. ವೈಟ್‌ಫೀಲ್ಡಿನವರು ನಾಲ್ಕೈದು ದಿನದ ರಜೆಗೆ ಹೆಚ್ಚಾಗಿ ಹೋಗೋ ಥಾಯ್ಲೆಂಡ್, ಮಲೇಶಿಯಾ, ಸಿಂಗಪುರ, ಬಾಲಿ, ವಿಯೆಟ್ನಾಂ, ಶ್ರೀಲಂಕಾ, ದುಬೈ ಎಲ್ಲದಕ್ಕೂ ಆರು ತಿಂಗಳು ಅಂತಲೇ ಇಟ್ಟುಕೊಳ್ಳಿ. ಯುರೋಪಿನ ಷೆಂಗೆನ್ ದೇಶಗಳದು ಮೂರು ತಿಂಗಳು, ಆದರೆ ಅಲ್ಲಿ ಎಣಿಕೆ ಶುರುವಾಗೋದು ಆ ದೇಶಗಳಿಂದ ಹೊರಡುವ ದಿನದಿಂದ. ಅಮೆರಿಕದ್ದೂ ಹೆಸರಿಗೆ ಆರು ತಿಂಗಳ ನಿಯಮವೇ, ಆದರೆ ವಿನಾಯಿತಿ ಪಡೆದ ದೇಶಗಳ ಪಟ್ಟಿಯಲ್ಲಿ ಭಾರತವೂ ಇರೋದರಿಂದ ನಮಗೆ ಅಲ್ಲಿ ಇರುವಷ್ಟು ದಿನ ಪಾಸ್‌ಪೋರ್ಟ್ ಊರ್ಜಿತವಾಗಿದ್ದರೆ ನಡೆಯುತ್ತೆ. ಇನ್ನು ನೇಪಾಳಕ್ಕೆ ಪಾಸ್‌ಪೋರ್ಟೇ ಬೇಡ, ಮತದಾರರ ಗುರುತಿನ ಚೀಟಿ ಸಾಕು. 15ಕ್ಕಿಂತ ಚಿಕ್ಕವರು ಮತ್ತು 65 ದಾಟಿದವರು ಆಧಾರ್ ತೋರಿಸಬಹುದು. ನಡುವಿನ ವಯಸ್ಸಿನವರು ಬರೀ ಆಧಾರ್ ಹಿಡಿದು ಹೋದರೆ ಅಲ್ಲೂ ನನ್ನ ಕಥೆಯೇ. ನಿಯಮಗಳು ಬದಲಾಗ್ತಾನೇ ಇರುತ್ತವೆ. ಥಾಯ್ಲೆಂಡ್ 2025ರ ಮೇ 1ರಿಂದ ಹೊರಡುವ ಮೊದಲೇ ಆನ್‌ಲೈನಿನಲ್ಲಿ ತುಂಬುವ ಆಗಮನ ಕಾರ್ಡ್ ತಂದಿದೆ. ರೀಲ್ಸ್ ನಂಬದೆ, ಟಿಕೆಟ್ ತೆಗೆಯುವ ಮುಂಚೆ ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟನ್ನೇ ನೋಡಿ.

ಒಟ್ಟಿನಲ್ಲಿ, 10 ವರ್ಷದ ಪಾಸ್‌ಪೋರ್ಟ್ ಸುತ್ತಾಡೋದಕ್ಕೆ ಸಿಗೋದು ಒಂಬತ್ತೂವರೆ ವರ್ಷ. ಮಕ್ಕಳದು ನಾಲ್ಕೂವರೆ ವರ್ಷ. ಅದರಲ್ಲೂ ಬೆಳೆಯೋ ಮಗುವಿನ ಮುಖ ನಾಲ್ಕು ವರ್ಷಕ್ಕೆ ಎಷ್ಟು ಬದಲಾಗಿರುತ್ತೆ ಅಂದರೆ, ನನ್ನ ಮಗಳ ಹಳೇ ಫೋಟೊದಲ್ಲಿ ಅವಳ ಗುರುತು ಸಿಗೋದು ಕಿವಿಯಿಂದ ಮಾತ್ರ.

ಈಗ ನವೀಕರಣದ ಮಾತು. ಆ ಬೆಳಗಿನ ಜಾವ ಕ್ಯಾಬಿನಲ್ಲೇ ಫೋನ್ ತೆಗೆದು ತತ್ಕಾಲ್ ಅರ್ಜಿ ತುಂಬೋಕೆ ಶುರು ಮಾಡಿದ್ದೆ. ಸೋಮವಾರ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗಿ, ಗುರುವಾರದೊಳಗೆ ಪಾಸ್‌ಪೋರ್ಟ್ ತಗೊಂಡು, ಹೊಸ ಟಿಕೆಟ್ ಮಾಡಿಸಿ ಒಂದು ದಿನಕ್ಕಾದರೂ ಮಗಳನ್ನು ಅಲ್ಲಿಗೆ ಮುಟ್ಟಿಸೋಣ ಅನ್ನೋ ಹುಚ್ಚು. ಆಗ ಕಂಡಿದ್ದು ಅನುಬಂಧ ‘ಡಿ’. ಮಕ್ಕಳ ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರೂ ಸಹಿ ಹಾಕಬೇಕಾದ ಘೋಷಣಾ ಪತ್ರ ಅದು. ಒಂದು ಸಹಿ ಆ ಹೊತ್ತಿಗೆ ಬಂಗಾಳ ಕೊಲ್ಲಿಯ ಮೇಲೆ ಹಾರ್ತಾ ಇತ್ತು. ಫೋನ್ ಜೇಬಿಗಿಟ್ಟೆ.

ಅವರು ವಾಪಸ್ ಬಂದ ಮೇಲೆ, ದಸರಾ ಮುಗಿಸಿಕೊಂಡು, ಮಾಮೂಲಿ ಅರ್ಜಿಯಲ್ಲೇ ಮಾಡಿಸಿದ್ವಿ. ಮಕ್ಕಳದಕ್ಕೆ ಶುಲ್ಕ 1000 ರೂಪಾಯಿ, ದೊಡ್ಡವರ 36 ಪುಟದ ಪಾಸ್‌ಪೋರ್ಟಿಗೆ 1500. ತತ್ಕಾಲ್ ಆದರೆ ಅದರ ಮೇಲೆ 2000. ಆಗ ವೈಟ್‌ಫೀಲ್ಡಿನವರಿಗೆ ಹತ್ತಿರ ಆಗ್ತಿದ್ದದ್ದು ಹೊರವರ್ತುಲ ರಸ್ತೆಯ ಮಾರತ್ತಹಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರ. ಹತ್ತಿರ ಅಂದರೆ ನಕ್ಷೆಯಲ್ಲಿ. ಬೆಳಗಿನ ಟ್ರಾಫಿಕ್ಕಿನಲ್ಲಿ ಅಪಾಯಿಂಟ್‌ಮೆಂಟಿಗೆ ಒಂದೂವರೆ ಗಂಟೆ ಮೊದಲು ಮನೆ ಬಿಟ್ಟರೂ ನಮಗೆ ಎದೆ ಹೊಡೆದುಕೊಳ್ತಿತ್ತು. ಒಳಗೆ ಎ, ಬಿ, ಸಿ ಅಂತ ಮೂರು ಹಂತದ ಕೌಂಟರು: ಮೊದಲನೆಯದರಲ್ಲಿ ದಾಖಲೆ ಮತ್ತು ಫೋಟೊ, ಆಮೇಲೆ ಪರಿಶೀಲನೆ, ಕೊನೆಗೆ ಮಂಜೂರಾತಿ. ಮಗುವನ್ನು ಕರೆದುಕೊಂಡೇ ಹೋಗಬೇಕು. ನಾಲ್ಕು ವರ್ಷದೊಳಗಿನ ಮಗುವಾದರೆ ಫೋಟೊ ಮನೆಯಿಂದ ತರಬೇಕು, ಅದಕ್ಕಿಂತ ದೊಡ್ಡವರಿಗೆ ಅಲ್ಲೇ ತೆಗೀತಾರೆ.

ನಾವು ‘ರಿನ್ಯೂ’ ಅಂತೀವಿ, ಅರ್ಜಿಯಲ್ಲಿ ಅದರ ಹೆಸರು ‘ರೀಇಶ್ಯೂ’. ಹೆಸರು ಬೇರೆ ಇರೋದಕ್ಕೆ ಅರ್ಥ ಇದೆ. ಹಳೇ ಪುಸ್ತಕದ ದಿನಾಂಕವನ್ನು ಮುಂದೂಡೋದಿಲ್ಲ, ಹೊಸ ನಂಬರಿನ ಹೊಸ ಪುಸ್ತಕವೇ ಬರುತ್ತೆ. ಹಳೆಯದನ್ನು ರದ್ದು ಮಾಡಿ ವಾಪಸ್ ಕೊಡ್ತಾರೆ. ಅದರಲ್ಲಿ ಇನ್ನೂ ಅವಧಿ ಇರುವ ಅಮೆರಿಕದ ವೀಸಾ ಇದ್ದರೆ ಎಸೀಬೇಡಿ, ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ಒಯ್ಯಬೇಕು. ಟಿಕೆಟ್ ಮೊದಲೇ ಬುಕ್ ಆಗಿದ್ದರೆ ಹೊಸ ನಂಬರನ್ನು ವಿಮಾನ ಕಂಪನಿಯ ದಾಖಲೆಯಲ್ಲಿ ಬದಲಿಸೋದನ್ನೂ ಮರೆಯಬೇಡಿ. ಅವಧಿ ಮುಗಿಯೋವರೆಗೂ ಕಾಯಬೇಕಿಲ್ಲ, ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬಹುದು. 15 ದಾಟಿದ ಮಕ್ಕಳಿಗೆ ಬೇಕಿದ್ದರೆ 10 ವರ್ಷದ್ದನ್ನೇ ತೆಗೆದುಕೊಳ್ಳಬಹುದು.

ದುಡ್ಡಿನ ವಿಷಯ ಕೇಳುವವರಿಗೆ: ನಮ್ಮಿಬ್ಬರ ಟಿಕೆಟ್ಟಿನಲ್ಲಿ ತೆರಿಗೆಯ ಭಾಗ ಮಾತ್ರ ವಾಪಸ್ ಬಂತು. ಪ್ರವಾಸ ವಿಮೆ ಇತ್ತು, ಆದರೆ ದಾಖಲೆ ಸರಿಯಿಲ್ಲದೆ ಪ್ರಯಾಣ ತಪ್ಪಿದರೆ ನಮ್ಮ ಪಾಲಿಸಿಯಲ್ಲಿ ಏನೂ ಸಿಗುತ್ತಿರಲಿಲ್ಲ.

ಆ ಐದು ದಿನ ನಾನು ಮಗಳು ಇಬ್ಬರೇ. ದಿನಾ ಸಂಜೆ ವಿಡಿಯೋ ಕಾಲ್. ಅಪ್ಪ ಚಾವೋ ಫ್ರಯಾ ನದಿಯ ದೋಣಿಯಲ್ಲಿ ಕೂತು “ನೋಡು ಪುಟ್ಟಿ, ನಮ್ಮ ಬಸ್ಸಿನ ಥರ ಇಲ್ಲಿ ನದೀಲಿ ದೋಣಿ, ಸ್ಟಾಪೂ ಇದೆ, ಟಿಕೆಟ್ಟೂ ಇದೆ” ಅಂತ ತೋರಿಸ್ತಿದ್ದರು. ಮೊಮ್ಮಗಳು ಮೊದಲ ದಿನ ಮುಖ ತಿರುಗಿಸಿಕೊಂಡಳು, ಮೂರನೇ ದಿನ “ತಾತ, ನನಗೆ ಆನೆ ತಗೊಂಡು ಬಾ” ಅಂದಳು. ಅಮ್ಮ ಮಾತ್ರ ಐದೂ ದಿನ ಫೋನ್ ಹಿಡಿದ ಕೂಡಲೇ ಒಂದೇ ಮಾತು: “ಮಗು ಊಟ ಮಾಡ್ತಾ?” ಮರದ ಪುಟ್ಟ ಆನೆ ಬಂತು. ಅದೇ ವಾರ ವಿಜಯದಶಮಿಗೆ ಎಲ್ಲರೂ ಮೈಸೂರಿಗೆ ಹೋಗಿ ಅಂಬಾರಿ ಹೊತ್ತ ಅಭಿಮನ್ಯುವನ್ನು ನೋಡಿದೆವು. ಅವಳು ಕೈಲಿದ್ದ ಆನೆಯನ್ನೂ ಎತ್ತಿ ಹಿಡಿದು ಅದಕ್ಕೆ ತೋರಿಸಿದಳು.

ರಜೆ ಮುಗಿಸಿ ಆಫೀಸಿಗೆ ಹೋದ ದಿನ ಕ್ಯಾಂಟೀನಿನಲ್ಲಿ ಈ ಕಥೆ ಹೇಳಿದೆ. ಎದುರು ಕೂತಿದ್ದ ಗೆಳೆಯ ಮೊಸರನ್ನ ತಿನ್ನೋದು ನಿಲ್ಲಿಸಿ ಫೋನಿನಲ್ಲಿ ಹುಡುಕೋಕೆ ಶುರು ಮಾಡಿದ. ಡಿಸೆಂಬರ್ ಕೊನೆಗೆ ಕ್ವಾಲಾಲಂಪುರ ಬುಕ್ ಮಾಡಿದ್ದ. ಮಗನ ಪಾಸ್‌ಪೋರ್ಟ್ ಮುಗಿಯೋದು ಮೇ ತಿಂಗಳಲ್ಲಿ. ಬೆರಳು ಮಡಿಸಿ ಎರಡು ಸಲ ಎಣಿಸಿದ, ತಟ್ಟೆ ಅಲ್ಲೇ ಬಿಟ್ಟು ಹೆಂಡತಿಗೆ ಫೋನ್ ಮಾಡೋಕೆ ಹೊರಗೆ ಹೋದ.