ಇಬ್ಬರು ದಾಂಡಿಗರ ಜೊತೆಯಾಟ

ಒಂದೇ ತಂಡದಲ್ಲಿ ಇಬ್ಬರು ಸಮರ್ಥ ದಾಂಡಿಗರಿದ್ದರೆ, ಅವರ ಬಲವು ಒಂದಕ್ಕೆ ಒಂದು ಕೂಡಿದರೆ ಎರಡು ಎಂಬ ಲೆಕ್ಕವನ್ನು ಮೀರುತ್ತದೆಂಬುದು ಆಟ ಬಲ್ಲವರ ಅನುಭವ. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ದಾಂಡಿಗರು ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಅಪಾಯಕಾರಿಯಾದ ದಾಂಡಿಗನಿಗೆ ಎಸೆತಗಾರನು ಬೇಕೆಂದೇ ನಾಲ್ಕು ಕೆಟ್ಟ ಚೆಂಡುಗಳನ್ನೆಸೆದು, ಹೊಡೆಯುವ ಅವಕಾಶವನ್ನೇ ಕೊಡದೆ ಮೊದಲ ನೆಲೆಗೆ ಕಳುಹಿಸಿಬಿಡಬಹುದು. ಆದರೆ 1927ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಬೇಬ್ ರೂತ್ ಅವರನ್ನು ಹೀಗೆ ಸಾಗಹಾಕಿದರೆ, ಬೆನ್ನಹಿಂದೆಯೇ ಲೂ ಗೆರಿಗ್ ಬರುತ್ತಿದ್ದರು. ಚೆಂಡನ್ನು ಮೈದಾನದಾಚೆಗೆ ಅಟ್ಟುವ ಹೋಮ್ ರನ್ನುಗಳನ್ನು ಆ ವರ್ಷ ರೂತ್ 60, ಗೆರಿಗ್ 47 ಬಾರಿಸಿದರು. ಒಬ್ಬರಿಗೆ ಇನ್ನೊಬ್ಬರು ಕಾವಲಾದರು.

ಕ್ರಿಕೆಟ್ಟಿನಲ್ಲಾದರೋ ಇಬ್ಬರೂ ಏಕಕಾಲಕ್ಕೆ ಅಂಕಣದಲ್ಲಿರುತ್ತಾರೆ. ಇದರಿಂದ ಅನುಕೂಲದೊಡನೆ ಒಂದು ತೊಡಕೂ ಉಂಟು: ಯಾರೊಬ್ಬರು ಔಟಾದರೂ ಜೊತೆಯಾಟ ಮುಗಿಯಿತು. ಪ್ರತಿ 10 ಓವರುಗಳಲ್ಲಿ ಒಬ್ಬ ದಾಂಡಿಗನು ಉಳಿಯುವ ಸಂಭವ ನೂರಕ್ಕೆ 80 ಎಂದು ಉದಾಹರಣೆಗಾಗಿ ಭಾವಿಸೋಣ. ಇಬ್ಬರೂ ಉಳಿಯುವ ಸಂಭವ 64ಕ್ಕೆ ಇಳಿಯುತ್ತದೆ. ಇದನ್ನೇ ಒಂಬತ್ತು ಸಲ ಗುಣಿಸಿದರೆ, 90 ಓವರುಗಳ ಇಡೀ ದಿನ ಜೋಡಿ ಮುರಿಯದಿರುವ ಸಂಭವ ನೂರಕ್ಕೆ ಸುಮಾರು 2 ಮಾತ್ರ.

ಈಗ ಪರಸ್ಪರ ಸಹಾಯದಿಂದ ಪ್ರತಿಯೊಬ್ಬನ ಅಪಾಯವು ಅರ್ಧಕ್ಕಿಳಿದು, ಉಳಿಯುವ ಸಂಭವ 90 ಆಯಿತೆನ್ನೋಣ. ಆಗ ಇಡೀ ದಿನ ನಿಲ್ಲುವ ಸಂಭವ 15ಕ್ಕೆ ಏರುತ್ತದೆ. ಅಪಾಯ ಇಳಿದದ್ದು ಅರ್ಧದಷ್ಟು. ಫಲ ಹೆಚ್ಚಿದ್ದು ಎಂಟು ಪಟ್ಟು! ಜೋಡಿಯ ರಹಸ್ಯ ಈ ಗುಣಾಕಾರದಲ್ಲಿದೆ.

ಸಹಾಯದ ಬಗೆ ಯಾವುದು? ಒಂದೊಂದೇ ರನ್ನು ಓಡಿ, ಕಷ್ಟದ ಬೌಲರನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಎದುರಿನ ದಾಂಡಿಗ ಬದಲಾದಂತೆಲ್ಲ ಬೌಲರನು ಚೆಂಡಿನ ಉದ್ದ, ದಿಕ್ಕುಗಳನ್ನು ಹೊಸದಾಗಿ ಅಳೆಯಬೇಕಾಗುತ್ತದೆ. ಓವರಿನ ನಡುವಣ ಮಾತುಕತೆ ಮನಸ್ಸನ್ನು ಸ್ತಿಮಿತದಲ್ಲಿಡುತ್ತದೆ.

2015ರ ಮಾರ್ಚ್ ತಿಂಗಳಲ್ಲಿ, ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ತಮಿಳುನಾಡಿನೆದುರು ನಡೆದ ರಣಜಿ ಅಂತಿಮ ಪಂದ್ಯದಲ್ಲಿ ಕರ್ನಾಟಕವು 84 ರನ್ನುಗಳಿಗೆ 5 ವಿಕೆಟ್ ಕಳೆದುಕೊಂಡಿತ್ತು. ಆಗ ಜೊತೆಗೂಡಿದ ಕರುಣ್ ನಾಯರ್ ಮತ್ತು ಕೆ. ಎಲ್. ರಾಹುಲ್ 386 ರನ್ನು ಸೇರಿಸಿದರು. ಕರುಣ್ 328, ರಾಹುಲ್ 188 ಗಳಿಸಿದರು. ಕರ್ನಾಟಕವು ಇನ್ನಿಂಗ್ಸ್ ಹಾಗೂ 217 ರನ್ನುಗಳಿಂದ ಗೆದ್ದಿತು. ಇದಕ್ಕೂ ಮೊದಲು, 2001ರ ಮಾರ್ಚ್ 14ರಂದು ಕೋಲ್ಕತ್ತದಲ್ಲಿ ಆಸ್ಟ್ರೇಲಿಯದ ವಿರುದ್ಧ ಕರ್ನಾಟಕದ ರಾಹುಲ್ ದ್ರಾವಿಡ್ ಮತ್ತು ಹೈದರಾಬಾದಿನ ವಿ. ವಿ. ಎಸ್. ಲಕ್ಷ್ಮಣ್ ಇಡೀ ದಿನ ಔಟಾಗದೆ ನಿಂತು ಮೊತ್ತಕ್ಕೆ 335 ರನ್ನು ಕೂಡಿಸಿದ್ದರು. ನೂರರಲ್ಲೊಂದೆರಡು ಸಲ ಸಾಧ್ಯವೆಂದು ನಮ್ಮ ಲೆಕ್ಕ ಹೇಳಿದ ಸಾಹಸವಿದು.

ಆದರೆ ಎಲ್ಲ ಕೀರ್ತಿಯನ್ನೂ ಜೋಡಿಗೇ ಸಲ್ಲಿಸುವುದು ವಿಜ್ಞಾನದ ರೀತಿಯಲ್ಲ. ಚೆಂಡು ಹಳತಾಗುತ್ತದೆ, ಬೌಲರರು ದಣಿಯುತ್ತಾರೆ, ಅಂಕಣ ಸೌಮ್ಯವಾಗುತ್ತದೆ. ಇವೂ ಅಪಾಯವನ್ನು ತಗ್ಗಿಸುತ್ತವೆ. ಒಂದೇ ಪಂದ್ಯವನ್ನು ನೋಡಿ ಇವುಗಳನ್ನು ಬೇರ್ಪಡಿಸಲಾಗದು. ಬೆಳಗಾವಿಯ ಕ್ಯಾಂಪಿನಲ್ಲಾಗಲಿ ಖಾನಾಪುರದ ಬಯಲಿನಲ್ಲಾಗಲಿ ಆಡುವ ಹುಡುಗರು, ಯಾವ ಜೋಡಿ ಎಷ್ಟು ಓವರು ನಿಂತಿತೆಂದು ಒಂದು ಋತುವಿನುದ್ದಕ್ಕೂ ಬರೆದಿಡಲಿ. ಅದೇ ದಾಂಡಿಗನು ಬೇರೆಯವರೊಡನೆ ಎಷ್ಟು ಹೊತ್ತು ನಿಂತನೆಂಬುದನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿದರೆ, ಒಳ್ಳೆಯ ಜೊತೆಗಾರನ ಬೆಲೆ ಅಂಕಿಗಳಲ್ಲಿಯೇ ಗೋಚರಿಸೀತು.