ಬಸುರಿಗೆ ಬೇಕಾದ ಬಿಸಿಲು

ಬಿಸಿಲಿಗೆ ಬರವಿಲ್ಲದ ದೇಶದಲ್ಲಿ ಬಿಸಿಲು ಕಾಣದೆ ಎಲುಬು ಮೆತ್ತಗಾದ ತಾಯಂದಿರಿದ್ದರೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಕಾಶ್ಮೀರದಲ್ಲಿ ವೈದ್ಯೆಯಾಗಿದ್ದ ಕ್ಯಾಥ್ಲೀನ್ ವಾನ್ ಅವರು 1928ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇಂತಹವರ ವೃತ್ತಾಂತವನ್ನು ಬರೆದಿದ್ದಾರೆ. ಗೋಷಾದೊಳಗೆ ಬಾಳಿದ ಹೆಂಗಸರಿಗೆ ಬಸಿರಿನ ಮೇಲೆ ಬಸಿರಾದಂತೆ ಸೊಂಟದ ಮೂಳೆ ಸೊಟ್ಟಗಾಗಿ, ಹೆರಿಗೆಯೇ ಪ್ರಾಣಾಂತಿಕವಾಗುತ್ತಿತ್ತು. ಅದೇ ಸೀಮೆಯಲ್ಲಿ ಬಯಲ ಬಿಸಿಲಿಗೆ ಮೈಯೊಡ್ಡಿ ದುಡಿಯುತ್ತಿದ್ದ ದೋಣಿಕಾರರ ಹೆಂಗಸರು ಸುಲಭವಾಗಿ ಹೆರುತ್ತಿದ್ದರು. ಈ ಭೇದಕ್ಕೆ ಬಿಸಿಲೇ ಕಾರಣವೆಂದು ಆಕೆ ಕಂಡುಕೊಂಡರು.

ಇದರ ಮರ್ಮ ಸರಳವಾದುದು. ಬಿಸಿಲು ಸೋಂಕಿದ ಚರ್ಮದಲ್ಲಿ ಡಿ ಜೀವಸತ್ವವು ಹುಟ್ಟುತ್ತದೆ. ಅದಿಲ್ಲದೆ ಉಂಡ ಆಹಾರದ ಸುಣ್ಣಾಂಶವು ಮೈಗೆ ಸರಿಯಾಗಿ ಹತ್ತದು. ಗರ್ಭದ ಶಿಶುವಿಗಾದರೋ ಎಲುಬು ಕಟ್ಟಲು 25ರಿಂದ 30 ಗ್ರಾಂ ಸುಣ್ಣಾಂಶ ಬೇಕು. ಊಟದಿಂದ ಒದಗದಿದ್ದರೆ ಅದು ತಾಯಿಯ ಎಲುಬಿನಿಂದಲೇ ಸಾಲವಾಗಿ ಬರುತ್ತದೆ. ಆ ಸಾಲ ತೀರುವ ಮುನ್ನವೇ ಮರುಬಸಿರಾದರೆ ಆಕೆಯ ಗತಿಯೇನು?

ಇಂದು ಗೋಡೆಗಳು ಬೇರೆ: ಕಚೇರಿ, ಮಹಡಿಮನೆ, ಗಾಜಿನ ಕಿಟಕಿ. ಗಾಜಿನ ಮೂಲಕ ಬಂದ ಬಿಸಿಲು ಕಣ್ಣಿಗೆ ಬೆಳಕಾದೀತೇ ಹೊರತು ಈ ಸತ್ವವನ್ನು ಹುಟ್ಟಿಸಲಾರದು. ಕೊರತೆಯ ಶಂಕೆಯಿರುವ ಬಸುರಿಗೆ ದಿನಕ್ಕೆ 200 ಅಂತರರಾಷ್ಟ್ರೀಯ ಏಕಮಾನದಷ್ಟು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿತು. ಮಾತ್ರೆಯ ವಿಚಾರ ವೈದ್ಯರಿಗಿರಲಿ. ಬಸುರಿಯನ್ನು ಅಂಗಳದ ಬಿಸಿಲಿಗೆ ಕರೆಯುವ ಕೆಲಸ ಮನೆಯವರದು.