ಅಂಗೈಯಷ್ಟು ಟೇಪಿಗೆ ಇಷ್ಟೊಂದು ಬೆಲೆ ಯಾಕೆ?

ಪ್ರಶ್ನೆ: ಅಜ್ಜನ ತಾಳಮದ್ದಳೆ ಕ್ಯಾಸೆಟ್ ಕೇಳಲು ಹಳೆಯ ವಾಕ್‌ಮನ್ ಹುಡುಕಿದೆ. ಪುಟ್ಟದಾದಷ್ಟೂ ದುಬಾರಿ! ಯಾಕೆ? – ಓದುಗರು, ಬಂಟ್ವಾಳ

ಉತ್ತರ: ಚಿಕ್ಕದು ಮಾಡುವುದೇ ಕಷ್ಟವಾಗಿತ್ತು, ಅದಕ್ಕೆ. ಸೋನಿಯ ಮೊದಲ ವಾಕ್‌ಮನ್ 1979ರ ಜುಲೈಯಲ್ಲಿ ಬಂತು. ನಾಲ್ಕೇ ವರ್ಷಕ್ಕೆ, 1983ರಲ್ಲಿ, ಡಬ್ಲ್ಯುಎಂ-20 ಬಂದಾಗ ಯಂತ್ರವೇ ಕ್ಯಾಸೆಟ್ ಡಬ್ಬಿಯ ಗಾತ್ರಕ್ಕೆ ಇಳಿದಿತ್ತು. ಕ್ಯಾಸೆಟ್ ಹಾಕುವಾಗ ಅದರ ಮೈಯನ್ನೇ ಹೊರಕ್ಕೆಳೆದು ಹಿಗ್ಗಿಸಬೇಕು. ಒಂದೇ ಒಂದು ಪೆನ್ಸಿಲ್ ಸೆಲ್ಲು ಸಾಕು. ಅಷ್ಟು ಇಕ್ಕಟ್ಟಿನಲ್ಲಿ ಮೋಟಾರು, ಬೆಲ್ಟು, ಹೆಡ್ಡು ಎಲ್ಲ ಹೊಂದಿಸಿದ ಕೈಚಳಕಕ್ಕೆ ಸಂಗ್ರಾಹಕರು ಮನಸೋಲುವುದು ನ್ಯಾಯವೇ.

ಆದರೆ ಕೊಳ್ಳುವ ಮುನ್ನ ರಬ್ಬರ್ ಬೆಲ್ಟು ನೋಡಿ. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು, ಬೆಲ್ಟು ಸಡಿಲವಾದರೆ ವೇಗ ತಪ್ಪುತ್ತದೆ, ವೇಗ ತಗ್ಗಿದರೆ ಶ್ರುತಿಯೂ ಇಳಿಯುತ್ತದೆ. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಯಕ್ಷಗಾನ ಹಾಡುಗಾರ ಬಲಿಪ ನಾರಾಯಣ ಭಾಗವತರ ಏರುಶ್ರುತಿಯ ಪದ ಸೊರಗಿ ಕೇಳಿಸಿದರೆ ಏನು ಚೆನ್ನ?

ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೂ ಬೂಷ್ಟು ಹಿಡಿಯುತ್ತದೆ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಹಾಕಲೇಬೇಡಿ, ಹೆಡ್ಡಿಗೂ ಮೆತ್ತಿಕೊಳ್ಳುತ್ತದೆ. ಮೊದಲು ಬಲ್ಲವರಿಂದ ಶುಚಿ ಮಾಡಿಸಿ. ಅಜ್ಜನೇ ಆಟಕೂಟಗಳಲ್ಲಿ ಧ್ವನಿಮುದ್ರಿಸಿಕೊಂಡ ಕ್ಯಾಸೆಟ್ಟಾದರೆ ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಕ್ಕಿಲ್ಲ. ಪುಟ್ಟ ವಾಕ್‌ಮನ್ ಆಮೇಲಾಗಲಿ. ಮೊದಲು ಸುಸ್ಥಿತಿಯ ದೊಡ್ಡ ಡೆಕ್ಕಿನಲ್ಲಿ ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಳ್ಳಿ.